ಹೊಸದಾಗಿ ಟೀಮ್ ಲೀಡ್ ಆಗಿದ್ದೀರಾ? ತೊಂದರೆಯ ಸುದ್ದಿ ಬೇಗ ನಿಮ್ಮ ಕಿವಿಗೆ ಬೀಳುವ ಹಾಗೆ ತಂಡ ನಡೆಸುವುದು ಹೇಗೆ

ನೀವು ಕೆಲಸದಲ್ಲಿ ಗಟ್ಟಿಗರು ಅಂತ ನಿಮ್ಮನ್ನು ಟೀಮ್ ಲೀಡ್ ಮಾಡಿದ್ದಾರೆ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ಜೊತೆಗೆ ಕೆಲಸ ಮಾಡುತ್ತಿದ್ದವರು ಇವತ್ತಿನಿಂದ ರಜೆ ಬೇಕಿದ್ದರೆ ನಿಮ್ಮನ್ನು ಕೇಳಬೇಕು. ಇಲ್ಲಿಯವರೆಗೆ ನಿಮ್ಮ ಕೈ ಹಿಡಿದ ಕೌಶಲ ಒಂದು, ಇನ್ನು ಮುಂದೆ ಬೇಕಾಗುವುದು ಬೇರೆಯೇ. ಅದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲ ಸಲ ಆರು ಜನರ ತಂಡ ನಡೆಸಿದಾಗ ಆದದ್ದು ಹೇಳುತ್ತೇನೆ. ಕೆಲಸ ಒಪ್ಪಿಸಲು ಇನ್ನೆರಡು ದಿನ ಬಾಕಿ ಇತ್ತು. ಒಂದು ದೊಡ್ಡ ಭಾಗ ಅರ್ಧವೂ ಮುಗಿದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದೇ ಆಗ. ತಂಡದ ಇಬ್ಬರಿಗೆ ಅದು ಮೂರು ವಾರದಿಂದ ಗೊತ್ತಿತ್ತು. ‘ಯಾಕೆ ಹೇಳಲಿಲ್ಲ?’ ಅಂತ ಕೇಳಿದೆ. ‘ನೀವು ಆಗಲೇ ತುಂಬಾ ಟೆನ್ಶನ್‌ನಲ್ಲಿದ್ರಿ, ಇನ್ನೊಂದು ಹೇಳೋಕೆ ಧೈರ್ಯ ಬರಲಿಲ್ಲ’ ಅಂದರು ಒಬ್ಬರು. ನಾನು ಯಾರಿಗೂ ಬೈದವನಲ್ಲ. ಆದರೆ ತೊಂದರೆ ಅಂತ ಯಾರಾದರೂ ಬಂದಾಗಲೆಲ್ಲ ನನ್ನ ಮುಖ ಗಂಟಿಕ್ಕುತ್ತಿತ್ತು, ನಿಟ್ಟುಸಿರು ಬಿಡುತ್ತಿದ್ದೆ, ಕಣ್ಣು ಮತ್ತೆ ಸ್ಕ್ರೀನ್ ಕಡೆ ಹೋಗುತ್ತಿತ್ತು. ಬಾಯಿ ಮುಚ್ಚಿಸಲು ಅಷ್ಟೇ ಸಾಕಾಗಿತ್ತು.

ಅವತ್ತಿನಿಂದ ನಾನು ತಂಡವನ್ನು ಅಳೆಯುವುದು ಒಂದೇ ಅಳತೆಯಿಂದ. ಏನಾದರೂ ಕೆಟ್ಟರೆ ಅದು ಲೀಡ್‌ಗೆ ಎಷ್ಟು ಬೇಗ ತಿಳಿಯುತ್ತದೆ? ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ. ಐಟಿ ಇರಲಿ, ಆಸ್ಪತ್ರೆ ಇರಲಿ, ಕಾರ್ಖಾನೆ ಇರಲಿ, ಸಣ್ಣ ಆಫೀಸ್ ಇರಲಿ, ಇದರಲ್ಲಿ ದೊಡ್ಡ ವ್ಯತ್ಯಾಸ ಏನೂ ಇಲ್ಲ.

ಹೆಜ್ಜೆ 1: ಮೊದಲ ಎರಡು ವಾರ ಏನನ್ನೂ ಬದಲಾಯಿಸಬೇಡಿ, ಸುಮ್ನೆ ಕೇಳಿಸಿಕೊಳ್ಳಿ

ಹೊಸ ಲೀಡ್‌ಗೆ ಏನಾದರೂ ಮಾಡಿ ತೋರಿಸುವ ಆತುರ ಇರುತ್ತದೆ. ಮೊದಲ ಸೋಮವಾರವೇ ಹೊಸ ವರದಿ ಫಾರ್ಮ್, ಹೊಸ ಮೀಟಿಂಗ್, ಹೊಸ ಟೂಲ್. ದಯವಿಟ್ಟು ತಡೆದುಕೊಳ್ಳಿ. ತಂಡದ ಪ್ರತಿಯೊಬ್ಬರ ಜೊತೆ ನಲವತ್ತು ನಿಮಿಷ, ಒಬ್ಬೊಬ್ಬರಾಗಿ, ಕೂತು ಮಾತಾಡಿ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ. ಆಗ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ನಾನು ಕೇಳುವ ಪ್ರಶ್ನೆಗಳು ಇವು:

- ಈಗ ನಡೆಯುತ್ತಿರುವುದರಲ್ಲಿ ಯಾವುದನ್ನು ನಾನು ಮುಟ್ಟಲೇಬಾರದು?
- ನಿಮ್ಮ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಯಾರಿಗಾಗಿ ಜಾಸ್ತಿ ಕಾಯುತ್ತೀರಿ?
- ತಪ್ಪು ಹೇಳಬೇಕಾದರೆ ನಿಮಗೆ ಹೇಗೆ ಹೇಳಿದರೆ ಒಳ್ಳೆಯದು? ನೇರವಾಗಿಯೋ, ಬರೆದೋ, ಸ್ವಲ್ಪ ಸಮಯ ಕೊಟ್ಟೋ?
- ಮುಂದಿನ ಒಂದು ವರ್ಷದಲ್ಲಿ ಏನು ಕಲಿಯಬೇಕು ಅಂತಿದೆ?
- ನನಗೆ ಗೊತ್ತಿರಬೇಕಾದದ್ದು, ಆದರೆ ಯಾರೂ ಹೇಳಲಾರದ್ದು ಏನಾದರೂ ಇದೆಯಾ?

ಕೊನೆಯ ಪ್ರಶ್ನೆಗೆ ಮೊದಲ ಸಲ ಎಲ್ಲರೂ ‘ಏನಿಲ್ಲ’ ಅಂತಾರೆ. ಪರವಾಗಿಲ್ಲ. ಕೇಳಿದಿರಿ ಅನ್ನುವುದು ಅವರ ನೆನಪಿನಲ್ಲಿರುತ್ತದೆ, ಮೂರನೆಯ ಸಲ ಉತ್ತರ ಬರುತ್ತದೆ.

ಈ ಮಾತುಕತೆ ಮುಗಿದ ಮೇಲೆ ಎರಡು ಮೂರು ಜನ ಹೇಳಿದ ಒಂದು ಸಣ್ಣ ತೊಂದರೆಯನ್ನು ಆರಿಸಿಕೊಂಡು ಅದೇ ವಾರ ಸರಿಮಾಡಿ. ಯಾವುದೋ ಫೋಲ್ಡರ್‌ಗೆ ಅನುಮತಿ ಇಲ್ಲದ್ದು, ಯಾರಿಗೂ ಬೇಡದ ಒಂದು ವಾರದ ವರದಿ, ಅಂಥದ್ದು. ಹೇಳಿದರೆ ಕೆಲಸ ಆಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಬೇಕು.

ಇನ್ನೊಂದು ಮಾತು. ಹೊಸ ತಂಡದಲ್ಲಿ ಎರಡನೇ ತಿಂಗಳಿಗೆ ಕಿರಿಕಿರಿ ಶುರುವಾದರೆ ಗಾಬರಿ ಬೇಡ. ಮನಃಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ತಂಡಗಳು ಹಾದುಹೋಗುವ ನಾಲ್ಕು ಹಂತಗಳನ್ನು ಗುರುತಿಸಿದ್ದರು. ಮೊದಲು ಒಂದುಗೂಡುವುದು, ಆಮೇಲೆ ತಿಕ್ಕಾಟ, ಆಮೇಲೆ ಒಂದು ರೀತಿನೀತಿ ಕೂಡಿ ಬರುವುದು, ಕೊನೆಗೆ ಚೆನ್ನಾಗಿ ಕೆಲಸ ನಡೆಯುವುದು. ಪ್ರತಿ ತಂಡವೂ ಇದೇ ಸಾಲಿನಲ್ಲಿ ನಡೆಯುತ್ತದೆ ಅಂತಲ್ಲ. ಆದರೆ ಮೊದಲ ವಾರದ ನಗುಮುಖಗಳನ್ನು ನೋಡಿ ತಂಡ ಒಂದಾಗಿಬಿಟ್ಟಿತು ಅಂದುಕೊಳ್ಳಬಾರದು, ಆಮೇಲಿನ ವಾದಗಳನ್ನು ನೋಡಿ ತಂಡ ಒಡೆಯಿತು ಅಂತಲೂ ಅಂದುಕೊಳ್ಳಬಾರದು.

ಹೆಜ್ಜೆ 2: ಒಂದು ಕೆಲಸಕ್ಕೆ ಒಂದೇ ಹೆಸರು

‘ನೀವಿಬ್ಬರೂ ಸೇರಿ ನೋಡ್ಕೊಳ್ಳಿ’ ಅಂತ ಹೇಳಿದ ಕೆಲಸ ಏನಾಗುತ್ತದೆ ಅಂತ ನಿಮಗೆ ಗೊತ್ತು. ಇವರು ಮಾಡುತ್ತಾರೆ ಅಂತ ಅವರು, ಅವರು ಮಾಡುತ್ತಾರೆ ಅಂತ ಇವರು.

ಇದು ಸೋಮಾರಿತನ ಅಂತ ಬೇಗ ತೀರ್ಮಾನಿಸಬೇಡಿ. ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಅನ್ನುವ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದು ನೋಡಿದ್ದರು. ಫಲಿತಾಂಶ ಪ್ರಕಟವಾಗಿದ್ದು 1913ರಲ್ಲಿ. ಎಳೆಯುವವರ ಸಂಖ್ಯೆ ಹೆಚ್ಚಿದ ಹಾಗೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಗಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲು ಆಗದಿದ್ದುದೂ ಒಂದು ಕಾರಣ. ಅದೊಂದೇ ಕಾರಣವಾ ಅಂತ ನೋಡಲು 1974ರಲ್ಲಿ ಬೇರೆ ಸಂಶೋಧಕರು ಒಂದು ಉಪಾಯ ಮಾಡಿದರು. ಹಿಂದೆ ನಿಂತವರು ಎಳೆಯುವ ಹಾಗೆ ನಟಿಸಿದರು, ನಿಜವಾಗಿ ಎಳೆಯುತ್ತಿದ್ದವರು ಒಬ್ಬರೇ. ಆಗಲೂ, ಹಿಂದೆ ಜನ ಇದ್ದಾರೆ ಅಂದುಕೊಂಡಾಗ, ಆ ಒಬ್ಬರ ಬಲ ಕಡಿಮೆಯೇ ಆಯಿತು. ನನ್ನ ಪಾಲು ಎಷ್ಟು ಅಂತ ಕಾಣದಿದ್ದಾಗ ಯಾರಿಗಾದರೂ ಕೈ ಸ್ವಲ್ಪ ಸಡಿಲವಾಗುತ್ತದೆ.

ಹಾಗಾಗಿ ಒಂದು ಸರಳ ಪಟ್ಟಿ ಮಾಡಿ. ಎಡಗಡೆ ಕೆಲಸ, ಬಲಗಡೆ ಒಂದು ಹೆಸರು, ಅದರ ಪಕ್ಕ ದಿನಾಂಕ. ಎಷ್ಟು ಜನ ಬೇಕಾದರೂ ಕೈಜೋಡಿಸಲಿ, ‘ಇದು ಎಲ್ಲಿಗೆ ಬಂತು’ ಅಂತ ಕೇಳಿದಾಗ ಉತ್ತರ ಕೊಡುವವರು ಒಬ್ಬರೇ ಇರಲಿ. ಆ ಪಟ್ಟಿ ಇಡೀ ತಂಡಕ್ಕೆ ಕಾಣುವ ಕಡೆ ಇರಲಿ. ಲೀಡ್‌ನ ನೋಟ್‌ಬುಕ್‌ನೊಳಗೆ ಮಾತ್ರ ಇದ್ದರೆ ಅದರಿಂದ ಯಾರಿಗೂ ಪ್ರಯೋಜನ ಇಲ್ಲ.

ತಂಡ ಚಿಕ್ಕದಿದ್ದಷ್ಟೂ ಒಳ್ಳೆಯದು. ಲೆಕ್ಕ ಹಾಕಿ ನೋಡಿ. ಐದು ಜನರಲ್ಲಿ ಇಬ್ಬಿಬ್ಬರ ನಡುವೆ ಮಾತು ಸಾಗಬೇಕಾದ ದಾರಿಗಳು 10. ಹತ್ತು ಜನರಾದರೆ 45. ಹನ್ನೆರಡಾದರೆ 66. ಜನ ಎರಡರಷ್ಟಾದಾಗ ಮಾತಿನ ದಾರಿಗಳು ನಾಲ್ಕು ಪಟ್ಟಿಗೂ ಜಾಸ್ತಿ ಆಗುತ್ತವೆ. ತಂಡ ಎಂಟೊಂಬತ್ತು ಜನ ದಾಟಿದರೆ ನಾನು ಅದನ್ನು ಎರಡು ಮಾಡಲು ನೋಡುತ್ತೇನೆ.

ಹೆಜ್ಜೆ 3: ಕೆಲಸ ಕೊಡುವಾಗ ಪೂರ್ತಿ ಕೊಡಿ

ಹೊಸ ಲೀಡ್‌ಗಳು ಹೆಚ್ಚು ಎಡವುವುದು ಇಲ್ಲೇ. ಒಂದೋ ಎಲ್ಲವನ್ನೂ ತಾವೇ ಮಾಡುತ್ತಾರೆ, ಇಲ್ಲವೇ ಕೆಲಸ ಕೊಟ್ಟು ದಿನಕ್ಕೆ ಮೂರು ಸಲ ಇಣುಕಿ ನೋಡುತ್ತಾರೆ. ಎರಡಕ್ಕೂ ಕಾರಣ ಒಂದೇ, ಕೊಡುವಾಗ ಸರಿಯಾಗಿ ಹೇಳಿರುವುದಿಲ್ಲ.

ಕೆಲಸ ಕೊಡುವಾಗ ಐದು ವಿಷಯ ಬಾಯಿಬಿಟ್ಟು ಹೇಳಿ. ಮುಗಿದಾಗ ಅದು ಹೇಗಿರಬೇಕು, ಯಾಕೆ ಬೇಕು, ಯಾವಾಗಕ್ಕೆ ಬೇಕು, ಎಲ್ಲಿಯವರೆಗೆ ಅವರೇ ನಿರ್ಧಾರ ತೆಗೆದುಕೊಳ್ಳಬಹುದು, ಯಾವಾಗ ನಿಮ್ಮ ಹತ್ತಿರ ಬರಲೇಬೇಕು. ಇದರಲ್ಲಿ ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ‘ಹೊಸ ಸಾಫ್ಟ್‌ವೇರ್ ಆರಿಸುವುದು ನಿಮ್ಮ ಕೆಲಸ’ ಅಂದರೆ ಆರಿಸಿ ಕೊಂಡುಬಿಡಬಹುದಾ, ಅಥವಾ ಮೂರು ಆರಿಸಿ ತಂದು ತೋರಿಸಬೇಕಾ? ಹೀಗೆ ಹೇಳಿ ನೋಡಿ: ‘ಯಾವುದು ಅಂತ ನೀವೇ ನಿರ್ಧರಿಸಿ. ಬಜೆಟ್ ದಾಟುವುದಾದರೆ, ಅಥವಾ ತಿಂಗಳ ಕೊನೆಗೆ ಆಗಲ್ಲ ಅನ್ನಿಸಿದರೆ, ಅವತ್ತೇ ನನಗೆ ತಿಳಿಸಿ. ಉಳಿದಂತೆ ಬುಧವಾರ ಬುಧವಾರ ಎರಡು ಸಾಲು ಬರೆದು ಕಳಿಸಿದರೆ ಸಾಕು.’ ಇಷ್ಟು ಹೇಳಿದ ಮೇಲೆ ಇಣುಕುವ ಅಗತ್ಯ ನಿಮಗೇ ಬರುವುದಿಲ್ಲ.

ಆಮೇಲೆ, ಕೊಟ್ಟ ಕೆಲಸ ನಿಮ್ಮ ತಲೆಗೇ ವಾಪಸ್ ಬರದ ಹಾಗೆ ನೋಡಿಕೊಳ್ಳಬೇಕು. ಅವರು ಬಂದು ‘ಇಲ್ಲೊಂದು ಸಮಸ್ಯೆ ಇದೆ’ ಅಂತಾರೆ, ನೀವು ಒಳ್ಳೆಯತನದಿಂದ ‘ಬಿಡಿ, ನಾನು ನೋಡ್ತೀನಿ’ ಅಂತೀರಿ. ಅಲ್ಲಿಗೆ ಕೆಲಸ ನಿಮ್ಮದಾಯಿತು. ಅದರ ಬದಲು ‘ನಿಮಗೇನನ್ನಿಸುತ್ತೆ? ಏನೇನು ಮಾಡಬಹುದು?’ ಅಂತ ಕೇಳಿ. ಅವರು ಹೇಳುವ ದಾರಿ ನಿಮ್ಮದಕ್ಕಿಂತ ಸ್ವಲ್ಪ ಬೇರೆಯಿದ್ದರೂ, ದೊಡ್ಡ ಹಾನಿ ಇಲ್ಲದಿದ್ದರೆ, ಹೋಗಲು ಬಿಡಿ. ನೀವು ಒಂದು ಗಂಟೆಯಲ್ಲಿ ಮಾಡುವುದಕ್ಕೆ ಅವರಿಗೆ ಮೂರು ಗಂಟೆ ಬೇಕಾಗಬಹುದು. ಮುಂದಿನ ಸಲ ಎರಡಾಗುತ್ತದೆ.

ಹೆಜ್ಜೆ 4: ತೊಂದರೆ ಹೇಳುವುದನ್ನು ಸುಲಭ ಮಾಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಹೆಜ್ಜೆ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಮಾತಾಡುತ್ತೇನೆ.

1978ರ ಡಿಸೆಂಬರ್ 28. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿದ್ದ ಒಂದು ವಿಮಾನದ ಚಕ್ರಗಳಲ್ಲಿ ಏನೋ ದೋಷ ಕಾಣಿಸಿತು. ಕ್ಯಾಪ್ಟನ್ ಆಕಾಶದಲ್ಲೇ ಸುತ್ತು ಹಾಕುತ್ತಾ ಅದರ ಮೇಲೇ ಗಮನ ಇಟ್ಟರು. ಇಂಧನ ಇಳಿಯುತ್ತಿರುವುದು ಕಾಕ್‌ಪಿಟ್‌ನಲ್ಲಿದ್ದ ಉಳಿದವರಿಗೆ ಕಾಣುತ್ತಿತ್ತು, ಮಾತಿನ ನಡುವೆ ಅದರ ಪ್ರಸ್ತಾಪವೂ ಬಂತು. ಆದರೆ ಕ್ಯಾಪ್ಟನ್‌ಗೆ ನಾಟುವ ಹಾಗೆ, ‘ಈಗಲೇ ಇಳಿಯದಿದ್ದರೆ ಇಂಧನ ಮುಗಿಯುತ್ತದೆ’ ಅಂತ ಯಾರೂ ಒತ್ತಿ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಊರಂಚಿನಲ್ಲಿ ಬಿತ್ತು. 189 ಜನರಲ್ಲಿ 10 ಜನ ಸತ್ತರು. ಇಂಥ ಅಪಘಾತಗಳನ್ನು ನೋಡಿದ ಮೇಲೆಯೇ, ಕಿರಿಯರು ಧೈರ್ಯವಾಗಿ ಹೇಳುವುದನ್ನೂ ಕ್ಯಾಪ್ಟನ್ ಕಿವಿಗೊಡುವುದನ್ನೂ ಪೈಲಟ್‌ಗಳಿಗೆ ತರಬೇತಿಯಾಗಿ ಕಲಿಸಲು ಶುರುಮಾಡಿದ್ದು. ನಮ್ಮ ಆಫೀಸ್‌ಗಳಲ್ಲಿ ಜೀವ ಹೋಗಲಿಕ್ಕಿಲ್ಲ, ಆದರೆ ‘ಹೇಳಿದ್ದೆ, ಅವರು ಕೇಳಿಸಿಕೊಳ್ಳಲಿಲ್ಲ’ ಅನ್ನುವ ಮಾತು ನಮಗೂ ಹೊಸದಲ್ಲ ಅಲ್ವಾ?

ಇನ್ನೊಂದು ಸಂಶೋಧನೆ ನನ್ನ ಯೋಚನೆಯನ್ನೇ ತಿರುಗಿಸಿತು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಎಣಿಕೆ. ಲೆಕ್ಕ ನೋಡಿದರೆ ತಿರುಗುಮುರುಗು, ಒಳ್ಳೆಯ ತಂಡಗಳ ಪುಸ್ತಕದಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅದಕ್ಕೆ ಹಾಗೆ ಕಾಣುತ್ತಿತ್ತು ಅನ್ನುವುದು ಅವರಿಗೆ ಹೊಳೆದದ್ದು ಆಮೇಲೆ. ಹೇಳಿದರೆ ಅವಮಾನ ಆಗಲ್ಲ, ಶಿಕ್ಷೆ ಆಗಲ್ಲ ಅನ್ನುವ ಆ ನಂಬಿಕೆಯ ಬಗ್ಗೆ ಅವರ ಹೆಸರಾಂತ ಲೇಖನ 1999ರಲ್ಲಿ ಬಂತು. ಮುಂದೆ ಗೂಗಲ್ ತನ್ನೊಳಗಿನ ಸುಮಾರು 180 ತಂಡಗಳನ್ನು ಹೋಲಿಸಿ ನೋಡಿದಾಗಲೂ ಇದೇ ಅಂಶ ಎಲ್ಲಕ್ಕಿಂತ ಮುಂದೆ ನಿಂತಿತು. ತಂಡದಲ್ಲಿ ಯಾರ್‍ಯಾರು ಇದ್ದಾರೆ ಅನ್ನುವುದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದೇ ದೊಡ್ಡದಾಗಿತ್ತು.

ಸರಿ, ನಾಳೆ ಬೆಳಗ್ಗೆ ಏನು ಮಾಡಬೇಕು?

ಒಂದು, ತೊಂದರೆ ಕೇಳಿದ ತಕ್ಷಣ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯವನ್ನು ಈಗಲೇ ತಯಾರು ಮಾಡಿಟ್ಟುಕೊಳ್ಳಿ. ನನ್ನದು ‘ಹೇಳಿದ್ದು ಒಳ್ಳೆಯದಾಯಿತು, ಈಗ ಏನು ಮಾಡೋಣ?’ ಅಂತ. ಮೊದಮೊದಲು ಬಾಯಿಪಾಠ ಮಾಡಿದ ಹಾಗೆ ಕೇಳುತ್ತದೆ. ಕೇಳಲಿ ಬಿಡಿ. ‘ಯಾಕೆ ಹೀಗಾಯಿತು’ ಅನ್ನುವ ಪ್ರಶ್ನೆ ಬೇಕು, ಆದರೆ ಅದು ಎರಡನೆಯದು, ಬೆಂಕಿ ಆರಿದ ಮೇಲಿನದು.

ಎರಡು, ವಾರದ ಮೀಟಿಂಗ್‌ನಲ್ಲಿ ‘ಎಲ್ಲ ಸರಿ ಇದೆಯಾ?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ‘ಸರಿ ಇದೆ’ ಅನ್ನುವ ಒಂದೇ ಉತ್ತರ ಇರುವುದು. ‘ಈ ವಾರ ಯಾವುದು ಕೈಕೊಡಬಹುದು?’ ಅಂತ ಕೇಳಿ. ತೊಂದರೆ ಇದ್ದೇ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೇಳುವ ಪ್ರಶ್ನೆ ಇದು, ಹಾಗಾಗಿ ಹೇಳುವವರಿಗೆ ಹಗುರ ಆಗುತ್ತದೆ.

ಮೂರು, ವರದಿಯಲ್ಲಿ ಎಲ್ಲವೂ ಹಸಿರು ಬಣ್ಣದಲ್ಲಿದ್ದರೆ, ಅಂದರೆ ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತ ತೋರಿಸುತ್ತಿದ್ದರೆ, ಸಂಶಯಪಡಿ. 2006ರಲ್ಲಿ ಅಲನ್ ಮುಲಾಲಿ ಫೋರ್ಡ್ ಕಂಪನಿಯ ಮುಖ್ಯಸ್ಥರಾಗಿ ಬಂದಾಗ ಕಂಪನಿ ಶತಕೋಟಿಗಟ್ಟಲೆ ಡಾಲರ್ ನಷ್ಟದಲ್ಲಿತ್ತು. ಆದರೂ ವಾರದ ಸಭೆಯಲ್ಲಿ ಅಧಿಕಾರಿಗಳು ತಂದ ಚಾರ್ಟ್‌ಗಳೆಲ್ಲ ಹಸಿರು. ಇಷ್ಟು ನಷ್ಟ ಆಗುತ್ತಿರುವಾಗ ಸರಿಯಿಲ್ಲದ್ದು ಒಂದೂ ಇಲ್ಲವಾ ಅಂತ ಅವರು ಕೇಳಿದರು. ಕೊನೆಗೆ ಮಾರ್ಕ್ ಫೀಲ್ಡ್ಸ್ ಅನ್ನುವ ಅಧಿಕಾರಿ ತಮ್ಮ ಹೊಸ ಕಾರಿನ ಬಿಡುಗಡೆ ತಡವಾಗುತ್ತದೆ ಅಂತ ಕೆಂಪು ಬಣ್ಣ ತೋರಿಸಿದರು. ಕೋಣೆ ಮೌನವಾಯಿತು. ಮುಲಾಲಿ ಚಪ್ಪಾಳೆ ತಟ್ಟಿದರು, ಇವರಿಗೆ ಯಾರು ಸಹಾಯ ಮಾಡಬಹುದು ಅಂತ ಕೇಳಿದರು. ಮುಂದಿನ ವಾರಗಳಲ್ಲಿ ಉಳಿದವರ ಚಾರ್ಟ್‌ಗಳಲ್ಲೂ ಕೆಂಪು, ಹಳದಿ ಬರತೊಡಗಿದವು. ಕೆಂಪು ತೋರಿಸಿದ ಮೊದಲನೆಯವರಿಗೆ ಏನಾಗುತ್ತದೆ ಅಂತ ಇಡೀ ತಂಡ ನೋಡುತ್ತಿರುತ್ತದೆ.

ನಾಲ್ಕು, ಚರ್ಚೆಯಲ್ಲಿ ನೀವು ಕೊನೆಗೆ ಮಾತಾಡಿ. ಲೀಡ್ ಮೊದಲೇ ‘ನನಗೆ ಇದು ಸರಿ ಅನ್ನಿಸುತ್ತೆ’ ಅಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಹೊಸಬರಿಂದ ಶುರುಮಾಡಿ, ಅನುಭವಸ್ಥರು ಆಮೇಲೆ, ನೀವು ಕೊನೆಗೆ.

ಐದು, ದೊಡ್ಡ ಕೆಲಸ ಶುರುವಾಗುವ ಮೊದಲು ಒಂದು ಗಂಟೆ ಕೂತು ಹೀಗೆ ಮಾಡಿ. ‘ಇದು ಆರು ತಿಂಗಳ ನಂತರದ ದಿನ, ಈ ಕೆಲಸ ಪೂರ್ತಿ ಕೆಟ್ಟುಹೋಗಿದೆ ಅಂದುಕೊಳ್ಳಿ, ಯಾಕೆ ಕೆಟ್ಟಿತು ಅಂತ ಬರೆಯಿರಿ’ ಅಂತ ಎಲ್ಲರಿಗೂ ಹತ್ತು ನಿಮಿಷ ಕೊಡಿ. ಆಮೇಲೆ ಒಬ್ಬೊಬ್ಬರು ಒಂದೊಂದು ಕಾರಣ ಓದಲಿ. ಈ ವಿಧಾನ ಮನಃಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅವರದು, 2007ರ ಅವರ ಲೇಖನದಿಂದ ಎಲ್ಲೆಡೆ ಹರಡಿತು. ‘ನನಗೆ ಸಂಶಯ ಇದೆ’ ಅಂತ ಹೇಳಿದರೆ ಅಪಶಕುನ ನುಡಿದ ಹಾಗಾಗುತ್ತದೆ, ಯಾರೂ ಹೇಳುವುದಿಲ್ಲ. ಆದರೆ ‘ಆಗಲೇ ಕೆಟ್ಟಿದೆ, ಕಾರಣ ಹುಡುಕಿ’ ಅಂದರೆ ಎಲ್ಲರ ಬುದ್ಧಿಯೂ ಓಡುತ್ತದೆ. ನಾನು ಮಾಡಿಸಿದಾಗಲೆಲ್ಲ ಯೋಜನೆಯಲ್ಲಿ ಯಾರೂ ಬರೆಯದಿದ್ದ ಒಂದು ಅಪಾಯವಾದರೂ ಹೊರಗೆ ಬಂದಿದೆ.

ಹೆಜ್ಜೆ 5: ಒಬ್ಬೊಬ್ಬರ ಜೊತೆಗಿನ ಅರ್ಧ ಗಂಟೆಯನ್ನು ತಪ್ಪಿಸಬೇಡಿ

ವಾರಕ್ಕೊಮ್ಮೆ ಆದರೆ ಒಳ್ಳೆಯದು, ಹದಿನೈದು ದಿನಕ್ಕೊಮ್ಮೆಯಾದರೂ ಸರಿ. ಅರ್ಧ ಗಂಟೆ, ನೀವು ಮತ್ತು ಅವರು ಮಾತ್ರ. ಕೆಲಸ ಎಲ್ಲಿಗೆ ಬಂತು ಅಂತ ಕೇಳಲು ಆ ಸಮಯ ಬಳಸಬೇಡಿ, ಅದಕ್ಕೆ ಹೆಜ್ಜೆ 2ರ ಪಟ್ಟಿ ಇದೆ. ಮೊದಲ ಹದಿನೈದು ನಿಮಿಷ ಅವರದು, ಏನು ಬೇಕಾದರೂ ಮಾತಾಡಲಿ. ಮಾತು ನಿಂತರೆ ತಕ್ಷಣ ತುಂಬಲು ಹೋಗಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ, ನಿಜವಾಗಿ ಹೇಳಬೇಕಾಗಿದ್ದದ್ದು ಆಗ ಬರುತ್ತದೆ.

ಕೆಲಸ ಜಾಸ್ತಿಯಾದಾಗ ಮೊದಲು ರದ್ದಾಗುವುದು ಇದೇ. ಹಾಗೆ ಮಾಡಬೇಡಿ. ಅನಿವಾರ್ಯವಾದರೆ ಅದೇ ವಾರದಲ್ಲಿ ಬೇರೆ ಸಮಯ ನೀವೇ ಹುಡುಕಿ ಕೊಡಿ. ಎರಡು ಸಲ ರದ್ದು ಮಾಡಿದರೆ, ಅವರ ತೊಂದರೆಗೆ ನಿಮ್ಮ ಹತ್ತಿರ ಸಮಯ ಇಲ್ಲ ಅಂತ ಅವರಿಗೆ ಅರ್ಥವಾಗುತ್ತದೆ, ನೀವು ಬಾಯಲ್ಲಿ ಏನೇ ಹೇಳಿದರೂ. ಮಾತಾಡಿದ್ದನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ. ಹೋದ ಸಲ ಅಮ್ಮನ ಆಪರೇಷನ್ ಬಗ್ಗೆ ಹೇಳಿದ್ದರೆ ಈ ಸಲ ಅದನ್ನು ಕೇಳಿಯೇ ಬೇರೆ ಮಾತಿಗೆ ಹೋಗಿ.

ಹೆಜ್ಜೆ 6: ತಪ್ಪನ್ನು ಹೇಳುವುದು, ಒಳ್ಳೆಯದನ್ನು ಹೇಳುವುದು

ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಮೊದಲ ಸಲ ಒಂದು ತಪ್ಪಿನ ಬಗ್ಗೆ ಕೇಳಿಸಿಕೊಳ್ಳುವುದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಆಗಿ ಎರಡು ದಿನದೊಳಗೆ ಹೇಳಿ. ಏನು ನೋಡಿದಿರಿ, ಅದರಿಂದ ಏನಾಯಿತು, ಆಮೇಲೆ ಒಂದು ಪ್ರಶ್ನೆ, ಇಷ್ಟೇ.

‘ನಿಮಗೆ ಜವಾಬ್ದಾರಿ ಇಲ್ಲ’ ಅಂದರೆ ಅವರು ಜಗಳಕ್ಕೆ ನಿಲ್ಲುತ್ತಾರೆ ಅಥವಾ ಕುಗ್ಗಿಹೋಗುತ್ತಾರೆ. ‘ಮಂಗಳವಾರ ಮತ್ತು ಗುರುವಾರ ಫೈಲ್ ಹೇಳಿದ ಸಮಯಕ್ಕೆ ಬರಲಿಲ್ಲ, ಟೆಸ್ಟಿಂಗ್ ಮಾಡುವವರು ಅರ್ಧ ದಿನ ಸುಮ್ನೆ ಕೂರಬೇಕಾಯಿತು, ಏನಾಗಿತ್ತು?’ ಅಂದರೆ ಮಾತು ಮುಂದೆ ಹೋಗುತ್ತದೆ. ಒಂದು ನಡೆದ ವಿಷಯ, ಇನ್ನೊಂದು ಮನುಷ್ಯನ ಮೇಲಿನ ತೀರ್ಪು. ಉತ್ತರ ಏನು ಬಂದರೂ ಪೂರ್ತಿ ಕೇಳಿ. ಎಷ್ಟೋ ಸಲ ತಪ್ಪು ಅವರದಾಗಿರುವುದೇ ಇಲ್ಲ, ಅವರಿಗೆ ಬರಬೇಕಾದದ್ದೇ ತಡವಾಗಿ ಬಂದಿರುತ್ತದೆ.

ತಪ್ಪು ಹೇಳುವುದಕ್ಕೆ ಚಾಟ್ ಮೆಸೇಜ್ ಬಳಸಲೇಬೇಡಿ. ಧ್ವನಿ ಕೇಳುವುದಿಲ್ಲ, ಮುಖ ಕಾಣುವುದಿಲ್ಲ, ಓದುವವರು ಅದನ್ನು ನಿಮಗಿಂತ ಹತ್ತು ಪಟ್ಟು ಕಟುವಾದ ಧ್ವನಿಯಲ್ಲಿ ಓದಿಕೊಳ್ಳುತ್ತಾರೆ. ದೂರದಲ್ಲಿದ್ದರೆ ಫೋನ್ ಮಾಡಿ.

ಹೊಗಳಿಕೆಗೂ ಇದೇ ನಿಯಮ. ‘ಸೂಪರ್’ ಅಂದರೆ ಏನು ಸೂಪರ್ ಅಂತ ಗೊತ್ತಾಗುವುದಿಲ್ಲ. ‘ಗ್ರಾಹಕರು ಸಿಟ್ಟಾಗಿದ್ದಾಗ ನೀವು ಮೊದಲು ಅವರ ಮಾತು ಪೂರ್ತಿ ಕೇಳಿ, ಆಮೇಲೆ ಉತ್ತರ ಕೊಟ್ಟಿರಿ, ಅದರಿಂದಲೇ ಕರೆ ಶಾಂತವಾಯಿತು’ ಅಂದರೆ ಅವರು ಅದನ್ನು ಮತ್ತೆ ಮಾಡುತ್ತಾರೆ. ಎಲ್ಲರ ಮುಂದೆ ಹೊಗಳಿದರೆ ಮುಜುಗರಪಡುವವರೂ ಇದ್ದಾರೆ, ಅಂಥವರಿಗೆ ಎರಡು ಸಾಲಿನ ಮೇಲ್ ಸಾಕು. ಮತ್ತೆ, ಮೇಲಿನವರ ಮುಂದೆ ಕೆಲಸ ಮಾಡಿದವರ ಹೆಸರು ಹೇಳಿ. ‘ನಾವು ಮಾಡಿದೆವು’ ಅಂದರೆ ಸಾಲದು, ಹೆಸರು ಬೇಕು.

ಹೆಜ್ಜೆ 7: ಅರ್ಧ ತಂಡ ಮನೆಯಲ್ಲಿ, ಅರ್ಧ ಆಫೀಸ್‌ನಲ್ಲಿ ಇದ್ದಾಗ

ಇಲ್ಲಿ ಸುದ್ದಿ ತಲುಪದೇ ಹೋಗುವುದು ಬಹಳ ಸುಲಭ. ಆಫೀಸ್‌ನಲ್ಲಿರುವ ಮೂವರು ಕಾರಿಡಾರ್‌ನಲ್ಲಿ ನಿಂತು ಮಾತಾಡಿ ಒಂದು ನಿರ್ಧಾರ ಮಾಡಿರುತ್ತಾರೆ, ಮನೆಯಲ್ಲಿರುವ ಇಬ್ಬರು ಹಳೆಯ ನಿರ್ಧಾರದ ಮೇಲೆ ನಾಲ್ಕು ದಿನ ಕೆಲಸ ಮಾಡಿರುತ್ತಾರೆ. ಯಾರದ್ದೂ ಕೆಟ್ಟ ಉದ್ದೇಶ ಇಲ್ಲ, ಆದರೆ ನಾಲ್ಕು ದಿನ ಹೋಯಿತು.

ಪರಿಹಾರ ಒಂದೇ, ಬರೆಯಿರಿ. ತಂಡಕ್ಕೆಲ್ಲ ಕಾಣುವ ಒಂದು ಪುಟದಲ್ಲಿ ದಿನಾಂಕ, ಏನು ನಿರ್ಧಾರ ಆಯಿತು, ಯಾಕೆ, ಯಾರು ಮಾಡುತ್ತಾರೆ, ಇಷ್ಟನ್ನು ಮೂರು ಸಾಲಲ್ಲಿ ಹಾಕಿ. ಅಲ್ಲಿ ಬರೆಯದ ಹೊರತು ನಿರ್ಧಾರ ಆಗಿಲ್ಲ ಅಂತಲೇ ಲೆಕ್ಕ. ಆರು ತಿಂಗಳ ನಂತರ ‘ಇದನ್ನು ಯಾಕೆ ಹೀಗೆ ಮಾಡಿದ್ವಿ?’ ಅಂತ ಯಾರಾದರೂ ಕೇಳಿದಾಗ ಆ ಪುಟದ ಬೆಲೆ ಗೊತ್ತಾಗುತ್ತದೆ.

ವಿಡಿಯೋ ಮೀಟಿಂಗ್‌ನಲ್ಲಿ ದೂರದಲ್ಲಿರುವವರಿಂದಲೇ ಮಾತು ಶುರುಮಾಡಿ. ಒಬ್ಬರು ಹೊರಗಿದ್ದರೂ, ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದ ಸೇರಿಕೊಂಡರೆ ಅವರಿಗೆ ಹೊರಗುಳಿದ ಭಾವನೆ ಬರುವುದಿಲ್ಲ. ಮಾಹಿತಿ ತಿಳಿಸಲು ಮಾತ್ರ ಇರುವ ಮೀಟಿಂಗ್‌ಗಳನ್ನು ತೆಗೆದುಹಾಕಿ, ಬರೆದು ಕಳಿಸಿ. ನಿರ್ಧಾರ ಆಗಬೇಕಾದಾಗ, ಭಿನ್ನಾಭಿಪ್ರಾಯ ಇದ್ದಾಗ ಮಾತ್ರ ಜನರನ್ನು ಸೇರಿಸಿ.

ರಾತ್ರಿ ಹನ್ನೊಂದಕ್ಕೆ ನಿಮಗೊಂದು ಯೋಚನೆ ಬಂದರೆ ಬರೆದುಕೊಳ್ಳಿ, ಆದರೆ ಬೆಳಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ. ‘ಅರ್ಜೆಂಟ್ ಇಲ್ಲ’ ಅಂತ ಸೇರಿಸಿದರೂ ಲೀಡ್ ಕಳಿಸಿದ ಮೆಸೇಜ್ ನೋಡಿದವರಿಗೆ ನಿದ್ದೆ ಬರುವುದಿಲ್ಲ.

ಹೆಜ್ಜೆ 8: ಒಬ್ಬರ ಕೆಲಸ ಸರಿಯಾಗುತ್ತಿಲ್ಲ ಅನ್ನಿಸಿದಾಗ

ಮೊದಲು ನಾಲ್ಕು ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ. ಏನು ಮಾಡಬೇಕು ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿದೆಯಾ? ಮಾಡಲು ಬರುತ್ತದಾ? ಬೇಕಾದ ಸಮಯ, ಟೂಲ್, ಅನುಮತಿ ಎಲ್ಲ ಇದೆಯಾ? ಇದೆಲ್ಲ ಇದ್ದೂ ಮನಸ್ಸಿಲ್ಲವಾ? ನಾವು ನೇರವಾಗಿ ನಾಲ್ಕನೆಯದಕ್ಕೆ ಹಾರುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಉತ್ತರ ಮೊದಲ ಮೂರರಲ್ಲೇ ಸಿಕ್ಕಿದೆ.

ಅಷ್ಟಾದರೂ ಆಗದಿದ್ದರೆ ಮುಂದೂಡಬೇಡಿ. ಏನು ಬದಲಾಗಬೇಕು, ಎಷ್ಟು ವಾರದಲ್ಲಿ, ನೀವು ಏನು ಸಹಾಯ ಮಾಡುತ್ತೀರಿ ಅಂತ ಬರೆದು ಕೊಟ್ಟು, ವಾರವಾರ ಕೂತು ನೋಡಿ. ಒಬ್ಬರ ಪಾಲಿನ ಕೆಲಸವನ್ನು ಉಳಿದವರು ತಿಂಗಳುಗಟ್ಟಲೆ ಹೊರುತ್ತಿದ್ದರೆ, ಅದನ್ನು ಕಂಡೂ ಸುಮ್ಮನಿರುವ ಲೀಡ್ ಮೇಲೆ ಅವರ ನಂಬಿಕೆ ಹೋಗುತ್ತದೆ.

ತಂಡದ ಇಬ್ಬರ ನಡುವೆ ಜಗಳ ಬಂದರೆ ಬೇರೆ ಬೇರೆಯಾಗಿ ಕೇಳಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಸಾಗಿಸುವ ಕೆಲಸಕ್ಕೆ ಮಾತ್ರ ಇಳಿಯಬೇಡಿ.

ಹೆಜ್ಜೆ 9: ಮೇಲಿನವರಿಗೆ ನೀವೂ ಬೇಗ ಹೇಳಿ

ತಂಡದಿಂದ ನೀವು ಬಯಸುವುದನ್ನೇ ನಿಮ್ಮ ಮ್ಯಾನೇಜರ್‌ಗೂ ಕೊಡಬೇಕು. ತಡವಾಗುತ್ತದೆ ಅಂತ ಸಂಶಯ ಬಂದ ದಿನವೇ ತಿಳಿಸಿ, ಜೊತೆಗೆ ಎರಡು ದಾರಿ ತೆಗೆದುಕೊಂಡು ಹೋಗಿ. ಕೆಲಸದ ಮೇಲೆ ಕೆಲಸ ಬಂದು ಬೀಳುತ್ತಿದ್ದರೆ ‘ಆಗಲ್ಲ’ ಅನ್ನುವುದಕ್ಕಿಂತ ಹೆಜ್ಜೆ 2ರ ಪಟ್ಟಿಯನ್ನು ಮುಂದಿಟ್ಟು ‘ಇದನ್ನು ತೆಗೆದುಕೊಳ್ಳುತ್ತೇವೆ, ಇವುಗಳಲ್ಲಿ ಯಾವುದನ್ನು ಹಿಂದಕ್ಕೆ ಹಾಕೋಣ?’ ಅಂತ ಕೇಳಿ.

ತಡವಾದಾಗ ಮೇಲಿನಿಂದ ಬರುವ ಮೊದಲ ಸಲಹೆ ‘ಇನ್ನಿಬ್ಬರನ್ನು ಕೊಡುತ್ತೇವೆ’ ಅಂತ. ಹುಷಾರಾಗಿರಿ. ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು, ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಹೊಸಬರಿಗೆ ಕಲಿಸಬೇಕಾದವರು ಈಗಾಗಲೇ ಒತ್ತಡದಲ್ಲಿರುವ ಹಳಬರೇ, ಜೊತೆಗೆ ಮೇಲೆ ಹೇಳಿದ ಮಾತಿನ ದಾರಿಗಳೂ ಏರುತ್ತವೆ. ಜನ ಬೇಕಿದ್ದರೆ ಆರಂಭದಲ್ಲೇ ಕೇಳಿ. ಕೊನೆಯ ಹಂತದಲ್ಲಿ ಕೆಲಸ ಕಡಿಮೆ ಮಾಡಿಸುವುದೇ ಸರಿ.

ಹೆಜ್ಜೆ 10: ಒಂದು ವಾರ ರಜೆ ಹಾಕಿ

ಆರು ತಿಂಗಳಾದ ಮೇಲೆ ಇದನ್ನು ಮಾಡಿ. ಪೂರ್ತಿ ಒಂದು ವಾರ, ಲ್ಯಾಪ್‌ಟಾಪ್ ಇಲ್ಲದೆ. ಹೋಗುವ ಮೊದಲು ನಿಮ್ಮ ಜಾಗದಲ್ಲಿ ಯಾರು ನಿರ್ಧಾರ ತೆಗೆದುಕೊಳ್ಳುತ್ತಾರೆ ಅಂತ ಎಲ್ಲರಿಗೂ ತಿಳಿಸಿ, ಅವರ ಪರಿಮಿತಿ ಏನು ಅಂತ ಬರೆದು ಕೊಡಿ. ಯಾವ ಎರಡು ವಿಷಯಕ್ಕೆ ಮಾತ್ರ ನಿಮಗೆ ಫೋನ್ ಮಾಡಬಹುದು ಅನ್ನುವುದೂ ಅದರಲ್ಲಿರಲಿ.

ವಾಪಸ್ ಬಂದ ದಿನ ‘ಎಲ್ಲ ಸರಿ ಹೋಯಿತಾ?’ ಅಂತ ಕೇಳಬೇಡಿ. ‘ಯಾವುದು ನಾನು ಬರುವ ತನಕ ನಿಂತುಬಿಟ್ಟಿತು? ಯಾವ ನಿರ್ಧಾರ ತೆಗೆದುಕೊಳ್ಳಲು ಹಿಂಜರಿದಿರಿ?’ ಅಂತ ಕೇಳಿ. ನಿಂತುಹೋದ ಒಂದೊಂದನ್ನೂ ಬರೆದುಕೊಳ್ಳಿ, ಅದರ ಪಕ್ಕದಲ್ಲಿ ತಂಡದ ಒಬ್ಬರ ಹೆಸರು ಹಾಕಿ, ಮುಂದಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಅವರಿಗೆ ಅದನ್ನು ಪೂರ್ತಿಯಾಗಿ ಒಪ್ಪಿಸಿ.